ತಟ್ಟಿದರೆ ಜೀವ ಬರುವ ಪೆಡಲ್: ಸದ್ದು ಎಲ್ಲಿ ಕಳೆದುಹೋಗುತ್ತಿದೆ?

ಪ್ರಶ್ನೆ: ನನ್ನ ಬಳಿ ಆರು ವರ್ಷ ಹಳೆಯ ಓವರ್‌ಡ್ರೈವ್ ಪೆಡಲ್ (ಗಿಟಾರಿನ ದನಿಯನ್ನು ಒಡೆದು ದಪ್ಪಗಾಗಿಸುವ, ಕಾಲಿನಿಂದ ಒತ್ತುವ ಡಬ್ಬಿ) ಇದೆ. ಒಂದು ತಿಂಗಳಿಂದ ತೊಂದರೆ ಕೊಡುತ್ತಿದೆ. ಫುಟ್‌ಸ್ವಿಚ್ ಒತ್ತಿದರೆ ಎಲ್‌ಇಡಿ ಉರಿಯುತ್ತದೆ, ಆದರೆ ಗಿಟಾರಿನ ಸದ್ದು ಪೂರ್ತಿ ನಿಂತುಹೋಗುತ್ತದೆ, ಇಲ್ಲವೇ ಎಲ್ಲೋ ದೂರದಿಂದ ಬಂದಂತೆ ಕೇಳುತ್ತದೆ. ಬೈಪಾಸ್‌ನಲ್ಲಿ, ಅಂದರೆ ಎಫೆಕ್ಟ್ ಆಫ್ ಇರುವಾಗ, ಏನೂ ತೊಂದರೆಯಿಲ್ಲ. ಡಬ್ಬಿಯನ್ನು ತಟ್ಟಿದರೆ ಒಮ್ಮೊಮ್ಮೆ ಒಂದೆರಡು ನಿಮಿಷ ಸರಿಯಾಗಿ ನುಡಿಯುತ್ತದೆ. ನಡುವೆ ಒಂದು ಸಲ ಗೊತ್ತಿಲ್ಲದೆ ಕೀಬೋರ್ಡಿನ ಅಡಾಪ್ಟರ್ ಹಾಕಿದ್ದೆ. ಐಸಿ (ಒಳಗಿನ ಚಿಪ್) ಸುಟ್ಟಿದೆ, ಬದಲಿಸು ಎಂದು ಗೆಳೆಯ ಹೇಳುತ್ತಾನೆ. ಮನೆಯಲ್ಲಿ ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಐರನ್ ಇದೆ, ಅಷ್ಟಿಷ್ಟು ಬೆಸುಗೆ ಹಾಕಿ ಗೊತ್ತು. ನಾನೇ ರಿಪೇರಿ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು. ಆದರೆ ಐಸಿಗೆ ಮಾತ್ರ ಈಗಲೇ ಕೈಹಾಕಬೇಡಿ. ಸುಟ್ಟ ಐಸಿಗೆ ತಟ್ಟಿದರೆ ಜೀವ ಬರುವುದಿಲ್ಲ. ತಟ್ಟಿದಾಗ ಬಂದು ಹೋಗುವ ಸದ್ದು ಎಂದರೆ ಎಲ್ಲೋ ಎರಡು ಲೋಹಗಳು ತಾಗಬೇಕಾದಲ್ಲಿ ತಾಗುತ್ತಿಲ್ಲ, ಅಥವಾ ತಾಗಬಾರದಲ್ಲಿ ತಾಗುತ್ತಿವೆ. ಬಿಟ್ಟ ಬೆಸುಗೆ, ಸವೆದ ಸ್ವಿಚ್, ಸಡಿಲವಾದ ಜ್ಯಾಕ್, ತುಂಡಾಗಲು ಹತ್ತಿರವಾದ ವೈರ್ ಇವೇ ಮೊದಲ ಶಂಕಿತರು. ಐಸಿಯೂ ಈ ಪಟ್ಟಿಗೆ ಸೇರುವ ಒಂದೇ ಸಂದರ್ಭವಿದೆ: ಅದನ್ನು ಬೋರ್ಡಿಗೆ ನೇರ ಬೆಸೆಯದೆ ಸಾಕೆಟ್‌ನಲ್ಲಿ ಕೂರಿಸಿದ್ದರೆ. ಆಗಲೂ ಅದನ್ನು ಗಟ್ಟಿಯಾಗಿ ಒತ್ತಿದರೆ ಸಾಕು, ಹೊಸದು ಬೇಕಾಗುವುದಿಲ್ಲ.

ಯಾವ ಬಿಡಿಭಾಗ ಕೆಟ್ಟಿದೆ ಎಂಬ ಪ್ರಶ್ನೆಯಿಂದ ಹೊರಟವರು ಬೋರ್ಡಿನಲ್ಲಿರುವುದನ್ನೆಲ್ಲ ಒಂದೊಂದಾಗಿ ಬದಲಿಸುತ್ತಾ ಹೋಗುತ್ತಾರೆ. ಸದ್ದು ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿತು ಎಂದು ಕೇಳಿಕೊಂಡವರಿಗೆ ಕೆಟ್ಟ ಭಾಗ ತಾನಾಗಿಯೇ ಸಿಗುತ್ತದೆ. ಹಿಂದೊಮ್ಮೆ ನನ್ನ ಮೇಜಿಗೆ ಒಂದು ಡಿಸ್ಟಾರ್ಷನ್ ಪೆಡಲ್ ಬಂದಿತ್ತು. ಅದರ ಒಡೆಯರು ಅಷ್ಟರಲ್ಲಾಗಲೇ ಎರಡು ಸಲ ಐಸಿ ಬದಲಿಸಿ, ಕೆಪಾಸಿಟರ್‌ಗಳನ್ನೂ ಹೊಸದಾಗಿ ಹಾಕಿದ್ದರು. ನಿಜವಾದ ದೋಷ ಬೋರ್ಡಿನಲ್ಲಿ ಇರಲೇ ಇಲ್ಲ. ಔಟ್‌ಪುಟ್ ಜ್ಯಾಕಿನ ನಟ್ ಸಡಿಲವಾಗಿ, ಜ್ಯಾಕ್ ಕಾಲು ಸುತ್ತಿನಷ್ಟು ತಿರುಗಿ, ಅದರ ಸಿಗ್ನಲ್ ಕಿವಿ (ವೈರ್ ಬೆಸೆಯುವ ಲೋಹದ ತುದಿ) ಪಕ್ಕದ ಪಾಟ್‌ನ, ಅಂದರೆ ನಾಬ್ ಕೆಳಗಿನ ತಿರುಗುವ ರೆಸಿಸ್ಟರ್‌ನ, ಲೋಹದ ಬೆನ್ನಿಗೆ ಒರಗಿತ್ತು. ಆ ಬೆನ್ನು ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ಜಾಗ) ಆದ್ದರಿಂದ ಸದ್ದೆಲ್ಲ ಅಲ್ಲೇ ಇಳಿದುಹೋಗುತ್ತಿತ್ತು. ಜ್ಯಾಕನ್ನು ತಿರುಗಿಸಿ ನಟ್ ಬಿಗಿ ಮಾಡಲು ಒಂದು ನಿಮಿಷ ಸಾಕಾಯಿತು. ಆದರೆ ಐಸಿ ಕೀಳುವಾಗ ಎದ್ದುಬಂದಿದ್ದ ತಾಮ್ರದ ಎಳೆಗಳನ್ನು ಮತ್ತೆ ಜೋಡಿಸಲು ಇಡೀ ಸಂಜೆ ಹಿಡಿಯಿತು. ನಿಮ್ಮ ಪೆಡಲ್‌ಗೆ ಆ ಗತಿ ಬರಬಾರದೆಂದೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮುಚ್ಚಳ ಬಿಚ್ಚುವ ಮೊದಲು ಹೊರಗಿನಿಂದಲೇ ತಿಳಿಯುವುದು ಬಹಳಷ್ಟಿದೆ. ಗಿಟಾರನ್ನು ನೇರವಾಗಿ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಸಿಕ್ಕಿಸಿ ಎರಡೂ ಕೇಬಲ್‌ಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ. ಬೈಪಾಸ್‌ನಲ್ಲಿ ಸರಿಯಿದೆ ಎಂದಿದ್ದೀರಿ, ಹಾಗಾಗಿ ಕೇಬಲ್ ಮೇಲೆ ನನಗೆ ಅನುಮಾನವಿಲ್ಲ. ಆದರೂ ಎರಡು ನಿಮಿಷದ ಕೆಲಸ, ಬಿಡಬೇಡಿ. ಆಮೇಲೆ ಪೆಡಲ್‌ನ ಅಡಾಪ್ಟರ್ ಕಿತ್ತು, ಬ್ಯಾಟರಿಯನ್ನೂ ತೆಗೆದು, ಗಿಟಾರ್ ನುಡಿಸಿ. ಸದ್ದು ಆಂಪ್‌ಗೆ ಹೋಗುತ್ತಿದ್ದರೆ ನಿಮ್ಮದು ಟ್ರೂ ಬೈಪಾಸ್ ಪೆಡಲ್: ಒಳಗೆ ಯಾಂತ್ರಿಕ ಸ್ವಿಚ್ ಇದೆ, ಬೈಪಾಸ್ ಮಾಡಿದಾಗ ಗಿಟಾರಿನ ಸಿಗ್ನಲ್ ಸರ್ಕ್ಯೂಟನ್ನು ಮುಟ್ಟುವುದೇ ಇಲ್ಲ. ಕರೆಂಟ್ ಇಲ್ಲದೆ ಸದ್ದೇ ಬರದಿದ್ದರೆ ಅದು ಬಫರ್ (ಸಿಗ್ನಲ್‌ಗೆ ಬಲ ಕೊಟ್ಟು ದಾಟಿಸುವ ಪುಟ್ಟ ಸರ್ಕ್ಯೂಟ್) ಇರುವ ಪೆಡಲ್, ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಸ್ವಿಚಿಂಗ್‌ನದು. ಬೈಪಾಸ್‌ನಲ್ಲೂ ಸಿಗ್ನಲ್ ಒಂದೆರಡು ಟ್ರಾನ್ಸಿಸ್ಟರ್ ದಾಟಿಯೇ ಹೋಗಬೇಕು. ಈ ಬಗೆಯದಾದರೆ ಬೈಪಾಸ್ ಚೆನ್ನಾಗಿದೆ ಎಂಬ ನಿಮ್ಮ ಮಾತಿನಿಂದ ಎರಡು ಜ್ಯಾಕ್‌ಗಳು, ವಿದ್ಯುತ್ ಪೂರೈಕೆ, ಬಫರ್ ಎಲ್ಲವೂ ಸರಿಯಿವೆ ಎಂದಾಯಿತು. ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಯಿತು.

ಇನ್ನೊಂದು ಪರೀಕ್ಷೆಗೆ ಕಣ್ಣಷ್ಟೇ ಸಾಕು. ಎಫೆಕ್ಟ್ ಆನ್ ಇರುವಾಗ ಡಬ್ಬಿಯನ್ನು ತಟ್ಟಿ ಎಲ್‌ಇಡಿಯನ್ನು ನೋಡಿ. ಸದ್ದಿನ ಜೊತೆಗೆ ಬೆಳಕೂ ಮಿನುಗಿದರೆ ದೋಷ ವಿದ್ಯುತ್ತಿನ ದಾರಿಯಲ್ಲಿದೆ: ಅಡಾಪ್ಟರ್ ಸಾಕೆಟ್, ಬ್ಯಾಟರಿ ಕ್ಲಿಪ್, ಅಥವಾ ಇನ್‌ಪುಟ್ ಜ್ಯಾಕ್. ಇನ್‌ಪುಟ್ ಜ್ಯಾಕ್ ಏಕೆಂದರೆ ಬಹುತೇಕ ಪೆಡಲ್‌ಗಳಲ್ಲಿ ಅದು ಸ್ಟೀರಿಯೊ ಜ್ಯಾಕ್. ಗಿಟಾರಿನ ಮೊನೊ ಪ್ಲಗ್ ಒಳಹೊಕ್ಕಾಗ ನಡುವಿನ ರಿಂಗ್ ಗ್ರೌಂಡಿಗೆ ತಾಗಿ ಬ್ಯಾಟರಿಯ ಋಣ ತುದಿ ಸೇರಿಕೊಳ್ಳುತ್ತದೆ. ಪ್ಲಗ್ಗೇ ಅಲ್ಲಿ ಪವರ್ ಸ್ವಿಚ್. ಆ ನಾಲಿಗೆ ಸಡಿಲವಾದರೆ ಬ್ಯಾಟರಿಯಲ್ಲಿ ನುಡಿಸುವಾಗ ಪೆಡಲ್ ಆಗಾಗ ಸಾಯುತ್ತದೆ. ಪ್ಲಗ್ಗೇ ಪವರ್ ಸ್ವಿಚ್ ಆದ್ದರಿಂದಲೇ ಕೇಬಲ್ ಸಿಕ್ಕಿಸಿಯೇ ಬಿಟ್ಟರೆ ರಾತ್ರಿಯಿಡೀ ಬ್ಯಾಟರಿ ಕರಗುತ್ತದೆ. ಬೆಳಕು ಸ್ಥಿರವಾಗಿದ್ದು ಸದ್ದು ಮಾತ್ರ ಬಂದು ಹೋಗುತ್ತಿದ್ದರೆ ದೋಷ ಸಿಗ್ನಲ್ ದಾರಿಯದು. ನಿಮ್ಮದು ಇದೇ ಇರಬೇಕೆಂದು ನನ್ನ ಊಹೆ.

ಕ್ಷೀಣವಾದ ಸದ್ದನ್ನೂ ಗಮನವಿಟ್ಟು ಕೇಳಿ. ಮಂದ್ರವೆಲ್ಲ ಮಾಯವಾಗಿ, ಬರೀ ತೆಳ್ಳನೆಯ ಕಿರುದನಿ ಕೇಳುತ್ತಿದ್ದರೆ ದಾರಿ ಎಲ್ಲೋ ತುಂಡಾಗಿದೆ. ತುಂಡಾದ ಎರಡು ತುದಿಗಳು ಅಕ್ಕಪಕ್ಕ ಇದ್ದಾಗ ಅವೇ ಒಂದು ಪುಟ್ಟ ಕೆಪಾಸಿಟರ್‌ನಂತೆ ವರ್ತಿಸಿ ತಾರದ ಸ್ವರಗಳನ್ನಷ್ಟೇ ದಾಟಿಸುತ್ತವೆ. ಹಾಗಲ್ಲದೆ ಸದ್ದು ಉಸಿರುಕಟ್ಟಿದಂತೆ, ಜೋರಾಗಿ ಮೀಟಿದಾಗ ಮಾತ್ರ ಪರಪರ ಹರಿದು ಬಂದು ತಕ್ಷಣ ನಿಲ್ಲುತ್ತಿದ್ದರೆ ಅದು ವೋಲ್ಟೇಜಿನ ಸಮಸ್ಯೆ. ಆಂಪ್ಲಿಫೈ ಮಾಡುವ ಭಾಗಕ್ಕೆ ಸರಿಯಾದ ಬಯಸ್, ಅಂದರೆ ಕೆಲಸಕ್ಕೆ ಬೇಕಾದ ಸ್ಥಿರ ವೋಲ್ಟೇಜ್, ಸಿಗುತ್ತಿಲ್ಲ. ಈ ಎರಡು ಸದ್ದುಗಳ ವ್ಯತ್ಯಾಸ ಒಮ್ಮೆ ಕಿವಿಗೆ ಹತ್ತಿದರೆ ಎಷ್ಟೋ ಪೆಡಲ್‌ಗಳ ರೋಗ ಮುಚ್ಚಳ ಬಿಚ್ಚುವ ಮೊದಲೇ ತಿಳಿಯುತ್ತದೆ.

ಈಗ ಆ ಕೀಬೋರ್ಡ್ ಅಡಾಪ್ಟರ್ ವಿಷಯ. ಹೆಚ್ಚಿನ ಗಿಟಾರ್ ಪೆಡಲ್‌ಗಳು ಕೇಳುವುದು 9 ವೋಲ್ಟ್ ಡಿಸಿ, ಪ್ಲಗ್ಗಿನ ನಡುಭಾಗ ಋಣ, ಹೊರಮೈ ಧನ. ಬೇರೆ ಉಪಕರಣಗಳ ಅಡಾಪ್ಟರ್‌ಗಳಲ್ಲಿ ಬಹಳಷ್ಟು ಇದಕ್ಕೆ ತದ್ವಿರುದ್ಧ. ಕೀಬೋರ್ಡಿನವು 12 ವೋಲ್ಟ್ ಇರುವುದೂ ಸಾಮಾನ್ಯ. ಪ್ಲಗ್ ಮಾತ್ರ ಒಂದೇ ಅಳತೆಯದಾದ್ದರಿಂದ ಸಲೀಸಾಗಿ ಒಳಗೆ ಹೋಗುತ್ತದೆ. ಇಂಥ ತಪ್ಪಿಗೆಂದೇ ಅನೇಕ ಪೆಡಲ್‌ಗಳಲ್ಲಿ 1ಎನ್4001 ಥರದ ಒಂದು ಡಯೋಡನ್ನು ವಿದ್ಯುತ್ ಬರುವ ಬಾಗಿಲಲ್ಲೇ ಅಡ್ಡಡ್ಡ ಕೂರಿಸಿರುತ್ತಾರೆ. ಉಲ್ಟಾ ವೋಲ್ಟೇಜ್ ಬಂದರೆ ಅದು ತಾನೇ ಎಲ್ಲ ಕರೆಂಟನ್ನೂ ಎಳೆದುಕೊಂಡು ಉಳಿದವರನ್ನು ಕಾಯುತ್ತದೆ. ಎಷ್ಟೋ ಸಲ ಹಾಗೆ ಕಾಯುವಾಗ ತಾನು ಸುಟ್ಟು ಶಾರ್ಟ್ ಆಗುತ್ತದೆ. ಹಾಗೆ ಶಾರ್ಟ್ ಆಗಿದ್ದರೆ ನಿಮ್ಮ ಎಲ್‌ಇಡಿ ಉರಿಯುತ್ತಿರಲಿಲ್ಲ. ಹಾಗಾಗಿ ಡಯೋಡ್ ಮಟ್ಟಿಗೆ ನೀವು ನಿಶ್ಚಿಂತರಾಗಬಹುದು. 12 ವೋಲ್ಟ್ ಸರಿಯಾದ ದಿಕ್ಕಿನಲ್ಲೇ ಹೋಗಿದ್ದರೂ ಓವರ್‌ಡ್ರೈವ್‌ಗಳಲ್ಲಿ ಕಾಣುವ 4558, ಟಿಎಲ್072 ಥರದ ಆಪ್‌ಆಂಪ್ (ಸದ್ದನ್ನು ಹಿಗ್ಗಿಸುವ) ಐಸಿಗಳಿಗೆ ಅದು ಲೆಕ್ಕಕ್ಕಿಲ್ಲ. 30 ವೋಲ್ಟ್ ಕೊಟ್ಟರೂ ತಡೆದುಕೊಳ್ಳುತ್ತವೆ. ಕಷ್ಟವಾಗುವುದು 9 ವೋಲ್ಟನ್ನು ಒಳಗೇ 18ಕ್ಕೆ ಏರಿಸಿಕೊಳ್ಳುವ ಪೆಡಲ್‌ಗಳಿಗೆ. ಅವುಗಳಲ್ಲಿ ಬಳಸುವ ಮ್ಯಾಕ್ಸ್1044ನಂಥ ಚಿಪ್ 10 ವೋಲ್ಟ್ ದಾಟಿದರೆ ಉಳಿಯುವ ಭರವಸೆಯಿಲ್ಲ.

ಇನ್ನು ಡಬ್ಬಿ ತೆರೆಯೋಣ. ಮೊದಲು ಒಂದು ಎಚ್ಚರಿಕೆ. ಇಲ್ಲಿ ಹೇಳುವುದೆಲ್ಲ 9ರಿಂದ 18 ವೋಲ್ಟಿನ ಪೆಡಲ್‌ಗಳಿಗೆ ಮಾತ್ರ. ಗೋಡೆಯ ಕರೆಂಟ್ ನೇರವಾಗಿ ಒಳಗೆ ಬರುವ ಹಳೆಯ ಪೆಡಲ್, ಒಳಗೆ ನೂರಾರು ವೋಲ್ಟ್ ತಯಾರಿಸಿಕೊಳ್ಳುವ ವಾಲ್ವ್ ಪೆಡಲ್, ಆಂಪ್, ಅಡಾಪ್ಟರ್ ಇವುಗಳನ್ನು ತೆರೆಯಲೇಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಹಿಂಬದಿಯ ಸ್ಕ್ರೂ ಬಿಚ್ಚಿದ ಕೂಡಲೇ, ಏನನ್ನೂ ಮುಟ್ಟುವ ಮೊದಲು, ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಳ್ಳಿ. ಕಿತ್ತುಬಂದ ವೈರ್ ಎಲ್ಲಿತ್ತು ಎಂದು ಆಮೇಲೆ ಹೇಳುವವರು ಯಾರೂ ಇರುವುದಿಲ್ಲ. ಜ್ಯಾಕ್‌ಗಳ ನಟ್‌ಗಳನ್ನು ಕೈಯಿಂದ ಅಲುಗಿಸಿ ನೋಡಿ. ಪಾಟ್‌ಗಳ ಬೆನ್ನಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಜಾರಿದೆಯೇ, ಸ್ವಿಚ್ ಇರುವ ಪುಟ್ಟ ಬೋರ್ಡಿಗೂ ಮುಖ್ಯ ಬೋರ್ಡಿಗೂ ನಡುವಿನ ರಿಬ್ಬನ್ ಕೇಬಲ್ ತನ್ನ ಗೂಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ.

ಆಮೇಲೆ ಬೆಸುಗೆಗಳು. ಜ್ಯಾಕ್, ಪಾಟ್, ಸ್ವಿಚ್, ಅಡಾಪ್ಟರ್ ಸಾಕೆಟ್ ಬೋರ್ಡಿಗೆ ಸೇರುವ ಜಾಗಗಳನ್ನೇ ಮೊದಲು ನೋಡಿ, ಏಕೆಂದರೆ ಕಾಲಿನ ಒತ್ತಡ, ಕೇಬಲಿನ ಎಳೆತ ಎಲ್ಲ ಬೀಳುವುದು ಅಲ್ಲೇ. ಟಾರ್ಚನ್ನು ನೇರ ಮೇಲಿನಿಂದ ಹಿಡಿದರೆ ಎಲ್ಲ ಬೆಸುಗೆಗಳೂ ಒಂದೇ ಥರ ಹೊಳೆಯುತ್ತವೆ, ಏನೂ ಕಾಣದು. ಬೋರ್ಡಿನ ಅಂಚಿನಿಂದ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿಯಿರಿ. ಭೂತಗನ್ನಡಿಯಲ್ಲಿ ಒಂದೊಂದನ್ನೇ ನೋಡುತ್ತಾ ಹೋದರೆ, ಬೆಸುಗೆಯ ಗುಬ್ಬಿಯ ನಡುವೆ ಜ್ಯಾಕಿನ ಕಾಲಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ ಕಾಣಬಹುದು. ಬೆರಳಿಂದ ಜ್ಯಾಕನ್ನು ಮೆಲ್ಲಗೆ ಒತ್ತಿದರೆ ಆ ಕಾಲು ಉಂಗುರದೊಳಗೆ ಕೂದಲಿನಷ್ಟೇ ಅಲುಗುತ್ತದೆ. ಅದೇ ಕಳ್ಳ. ಬೆಸುಗೆ ಮಂಕಾಗಿದೆ ಎಂಬ ಒಂದೇ ಕಾರಣಕ್ಕೆ ಅನುಮಾನ ಬೇಡ. ಸೀಸವಿಲ್ಲದ ಬೆಸುಗೆ ಸ್ವಭಾವತಃ ಮಂಕಾಗಿಯೇ ಇರುತ್ತದೆ. ಬಿರುಕು ಕಾಣಬೇಕು, ಅಥವಾ ಅಲುಗಬೇಕು.

ಕಣ್ಣಿಗೆ ಸಿಗದಿದ್ದರೆ ಪೆಡಲನ್ನು ತೆರೆದಂತೆಯೇ ಗಿಟಾರಿಗೂ ಆಂಪ್‌ಗೂ ಜೋಡಿಸಿ, ಎಫೆಕ್ಟ್ ಆನ್ ಮಾಡಿ, ಆಂಪನ್ನು ಸಣ್ಣ ದನಿಯಲ್ಲಿಡಿ. ಒಣ ಮರದ ಕಡ್ಡಿ ತೆಗೆದುಕೊಳ್ಳಿ, ಲೋಹ ಬೇಡ. ಅದರ ತುದಿಯಿಂದ ಒಂದೊಂದು ವೈರನ್ನೂ ಒಂದೊಂದು ಭಾಗವನ್ನೂ ಮೆತ್ತಗೆ ತಳ್ಳುತ್ತಾ ಬನ್ನಿ. ಡಬ್ಬಿಯನ್ನೇ ತಟ್ಟಿದರೆ ಎಲ್ಲವೂ ಒಟ್ಟಿಗೆ ಅದುರುತ್ತವೆ. ಕಡ್ಡಿಯಾದರೆ ಒಂದನ್ನೇ ಅಲುಗಿಸಬಹುದು. ಯಾವುದನ್ನು ತಳ್ಳಿದಾಗ ಪಟಪಟ ಸದ್ದಾಗಿ ದನಿ ಮರಳುತ್ತದೆಯೋ ಅಲ್ಲಿಗೆ ನಿಲ್ಲಿಸಿ. ನಿಮ್ಮ ಪೆಡಲ್‌ನ ಲಕ್ಷಣ ನೋಡಿದರೆ ಇಲ್ಲೇ ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು.

ಟ್ರೂ ಬೈಪಾಸ್ ಪೆಡಲ್ ಆಗಿದ್ದರೆ ಕಾಲಿನ ಕೆಳಗಿನ ಸ್ವಿಚ್ಚನ್ನು ಖಂಡಿತ ಪರೀಕ್ಷಿಸಿ. ಹೆಚ್ಚಿನವುಗಳಲ್ಲಿ ಅದು ಒಂಬತ್ತು ಕಿವಿಗಳ ಸ್ವಿಚ್, ಮೂರರ ಮೂರು ಸಾಲು. ಒಳಗೆ ಮೂರು ಬೇರೆಬೇರೆ ಸ್ವಿಚ್‌ಗಳು ಒಂದೇ ಗುಂಡಿಗೆ ಕುಣಿಯುತ್ತವೆ: ಒಂದು ಇನ್‌ಪುಟ್‌ಗೆ, ಒಂದು ಔಟ್‌ಪುಟ್‌ಗೆ, ಒಂದು ಎಲ್‌ಇಡಿಗೆ. ಎಲ್‌ಇಡಿಯ ಪಾಲಿನದು ಗಟ್ಟಿಯಾಗಿದ್ದು ಔಟ್‌ಪುಟ್ ಪಾಲಿನದು ಸವೆದಿದ್ದರೆ ಏನಾಗುತ್ತದೆ? ಬೆಳಕು ಬರುತ್ತದೆ, ಸದ್ದು ಬರುವುದಿಲ್ಲ, ಬೈಪಾಸ್ ಚೆನ್ನಾಗಿರುತ್ತದೆ, ತಟ್ಟಿದರೆ ಸರಿಹೋಗುತ್ತದೆ. ನೀವು ಬರೆದ ಪತ್ರವೇ ಇದು. ವಿದ್ಯುತ್ ತೆಗೆದು, ಎರಡೂ ಕೇಬಲ್ ಕಿತ್ತು, ಮೀಟರನ್ನು ಓಮ್‌ಗೆ ತಿರುಗಿಸಿ. ಪ್ರತಿ ಮೂರರ ಗುಂಪಿನಲ್ಲೂ ನಡುವಿನ ಕಿವಿ ಒಮ್ಮೆ ಈ ತುದಿಗೆ, ಒತ್ತಿದರೆ ಆ ತುದಿಗೆ ಸೇರಬೇಕು. ಅಳತೆ ಒಂದು ಓಮ್ ಒಳಗೆ ಬರಬೇಕು. ಒಂದು ಸಲ ನೋಡಿ ಬಿಡಬೇಡಿ, ಹತ್ತಿಪ್ಪತ್ತು ಸಲ ಒತ್ತಿ ನೋಡಿ, ಏಕೆಂದರೆ ಸವೆದ ಸ್ವಿಚ್ ನಾಲ್ಕು ಸಲ ಸರಿಯಿದ್ದು ಐದನೆಯದಕ್ಕೆ ಕೈಕೊಡುತ್ತದೆ. ಒಮ್ಮೆ 0.2, ಒಮ್ಮೆ 40, ಒಮ್ಮೆ ಏನೂ ಇಲ್ಲ ಎಂದು ತೋರಿಸಿದರೆ ಬೇರೆ ಹಾಕಿ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಉಳಿಸಿಕೊಳ್ಳಲು ನೋಡುವವರಿದ್ದಾರೆ. ಒಳಗಿನ ಲೋಹ ಸವೆದ ಮೇಲೆ ಅದು ಕೆಲವು ದಿನದ ಮಾತು. ಹೊಸ ಸ್ವಿಚ್ ಬೆಸೆಯುವಾಗ ಒಂದು ಕಿವಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಐರನ್ ಹಿಡಿಯಬೇಡಿ, ಮತ್ತು ಪಕ್ಕಪಕ್ಕದ ಕಿವಿಗಳನ್ನು ಒಂದರ ಹಿಂದೊಂದು ಬೆಸೆಯಬೇಡಿ. ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಹೊಸ ಸ್ವಿಚ್ಚೇ ಕೆಡುತ್ತದೆ.

ಇಷ್ಟಾದರೂ ಸಿಗಲಿಲ್ಲ ಎಂದರೆ ವೋಲ್ಟೇಜ್ ನೋಡಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಕಪ್ಪು ಕಡ್ಡಿಯನ್ನು ಜ್ಯಾಕಿನ ಗ್ರೌಂಡ್ ಕಿವಿಗೆ ಕ್ಲಿಪ್ ಮಾಡಿ. ಕೆಂಪು ಕಡ್ಡಿಯಿಂದ ಐಸಿಯ ಕಾಲುಗಳನ್ನು ಒಂದೊಂದಾಗಿ ಮುಟ್ಟಿ. ಎರಡು ಕಾಲುಗಳಿಗೆ ಒಟ್ಟಿಗೆ ತಾಗದಂತೆ ಎಚ್ಚರ. ಎಂಟು ಕಾಲಿನ ಐಸಿಯ ಒಂದು ತುದಿಯಲ್ಲಿ ಕಚ್ಚು ಇರುತ್ತದೆ, ಇಲ್ಲವೇ ಮೂಲೆಯಲ್ಲಿ ಚುಕ್ಕಿ. ಕಚ್ಚು ಮೇಲಕ್ಕೆ ಬರುವಂತೆ ಹಿಡಿದರೆ ಎಡಗಡೆ ಮೇಲಿನದು 1ನೆಯ ಕಾಲು. ಅಲ್ಲಿಂದ ಕೆಳಗಿಳಿದು, ಬಲಗಡೆ ಮೇಲೇರಿದರೆ 8. ಜೋಡಿ ಆಪ್‌ಆಂಪ್‌ನಲ್ಲಿ (ಒಂದೇ ಐಸಿಯೊಳಗೆ ಎರಡು) 8ಕ್ಕೆ ಸುಮಾರು 9 ವೋಲ್ಟ್, 4ಕ್ಕೆ ಸೊನ್ನೆ, ಎರಡು ಔಟ್‌ಪುಟ್‌ಗಳಾದ 1 ಮತ್ತು 7ಕ್ಕೆ ಅರ್ಧ, ಅಂದರೆ 4.5ರ ಆಸುಪಾಸು ಇರಬೇಕು. ಗಿಟಾರಿನ ಅಲೆ ಮೇಲಕ್ಕೂ ಕೆಳಕ್ಕೂ ಸಮವಾಗಿ ಏರಿಳಿಯಲು ಜಾಗ ಬೇಕಲ್ಲ, ಅದಕ್ಕೇ ಈ ಅರ್ಧ. ಸಾಮಾನ್ಯವಾಗಿ ಎರಡು ಸಮಾನ ರೆಸಿಸ್ಟರ್‌ಗಳು ಮತ್ತು ಒಂದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಸೇರಿ ಅದನ್ನು ಒದಗಿಸುತ್ತವೆ. ಎರಡು ಔಟ್‌ಪುಟ್‌ಗಳೂ ಒಟ್ಟಿಗೆ ಎತ್ತಲೋ ವಾಲಿದ್ದರೆ ಆ ಮೂವರಲ್ಲಿ ಒಬ್ಬರು ಕೆಟ್ಟಿದ್ದಾರೆ. ಒಂದೇ ಔಟ್‌ಪುಟ್ 8 ವೋಲ್ಟಿನಲ್ಲೋ 1 ವೋಲ್ಟಿನಲ್ಲೋ ಅಂಟಿಕೊಂಡು, ಅದರ ಸುತ್ತಲಿನ ಬೆಸುಗೆಗಳೂ ಸರಿಯಿದ್ದರೆ, ಆಗ ನಿಮ್ಮ ಗೆಳೆಯ ಹೇಳಿದ್ದು ನಿಜವಾಗಬಹುದು. 3 ಮತ್ತು 5ನೆಯ ಕಾಲುಗಳಲ್ಲಿ 4.5ಕ್ಕಿಂತ ತುಸು ಕಡಿಮೆ ಕಂಡರೆ ಗಾಬರಿ ಬೇಡ. ಅಲ್ಲಿಗೆ ವೋಲ್ಟೇಜ್ ಬರುವುದು ದೊಡ್ಡ ರೆಸಿಸ್ಟರ್ ಮೂಲಕ, ಹಾಗಾಗಿ ಮೀಟರ್ ಮುಟ್ಟಿದ್ದಕ್ಕೇ ಅದು ಕೊಂಚ ಕುಸಿಯುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಸಲಕರಣೆ ಮೀಟರ್ ಅಲ್ಲ, ಆಡಿಯೊ ಪ್ರೋಬ್. ಹಳೆಯ ಗಿಟಾರ್ ಕೇಬಲ್ ಒಂದರ ತುದಿ ಕತ್ತರಿಸಿ, ಒಳಗಿನ ವೈರಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದನ್ನು ಬೆಸೆಯಿರಿ. 50 ವೋಲ್ಟ್ ಅಥವಾ ಹೆಚ್ಚಿನದು ಇರಲಿ. ಹೊರಗಿನ ಜಾಲರಿಗೆ ಒಂದು ಮೊಸಳೆ ಕ್ಲಿಪ್. ಬೆಸೆದ ಜಾಗಕ್ಕೆ ಟೇಪ್ ಸುತ್ತಿ, ಕೆಪಾಸಿಟರ್‌ನ ಹೊರತುದಿಯನ್ನಷ್ಟೇ ಬರಿದಾಗಿ ಬಿಡಿ. ಇನ್ನೊಂದು ಕಡೆಯ ಪ್ಲಗ್ ಆಂಪ್‌ಗೆ, ಕ್ಲಿಪ್ ಪೆಡಲ್‌ನ ಗ್ರೌಂಡಿಗೆ. ಬೋರ್ಡಿನಲ್ಲಿರುವ ಡಿಸಿಯನ್ನು ಕೆಪಾಸಿಟರ್ ತಡೆದು ಬರೀ ಸದ್ದನ್ನು ಆಂಪ್‌ಗೆ ಬಿಡುತ್ತದೆ. ಪೆಡಲ್‌ನ ಇನ್‌ಪುಟ್‌ಗೆ ಗಿಟಾರ್ ಸಿಕ್ಕಿಸಿ ಯಾರಾದರೂ ಮೀಟುತ್ತಿರಲಿ. ಒಬ್ಬರೇ ಇದ್ದರೆ ಮೊಬೈಲಿನ ಹೆಡ್‌ಫೋನ್ ಔಟ್‌ಪುಟ್‌ನಿಂದ ಸಣ್ಣ ದನಿಯಲ್ಲಿ ಹಾಡೊಂದನ್ನು ಹರಿಯಬಿಡಿ.

ಈಗ ಸದ್ದಿನ ಬೆನ್ನು ಹತ್ತಿ. ಇನ್‌ಪುಟ್ ಜ್ಯಾಕಿನ ತುದಿಯಲ್ಲಿ ಕೇಳುತ್ತದೆಯೇ? ಸ್ವಿಚ್ ದಾಟಿದ ಮೇಲೆ? ಮೊದಲ ಕೆಪಾಸಿಟರ್‌ನ ಈಚೆ ಬದಿ, ಆಚೆ ಬದಿ? ಐಸಿಯ 1ನೆಯ ಕಾಲು? ಅಲ್ಲಿಗೆ ಬರುವಷ್ಟರಲ್ಲಿ ಸದ್ದು ದಪ್ಪಗಾಗಿರಬೇಕು, ಬಹುಪಾಲು ಓವರ್‌ಡ್ರೈವ್‌ಗಳಲ್ಲಿ ಆಗಲೇ ಒಡೆದ ದನಿಯೂ ಬಂದಿರುತ್ತದೆ. ಮುಂದೆ ಟೋನ್ ಪಾಟ್, ವಾಲ್ಯೂಮ್ ಪಾಟ್, ಔಟ್‌ಪುಟ್ ಜ್ಯಾಕ್. ಕೇಳಿದ ಕೊನೆಯ ಜಾಗಕ್ಕೂ ಕೇಳದ ಮೊದಲ ಜಾಗಕ್ಕೂ ನಡುವೆ ದೋಷ ಇದೆ. ಅಲ್ಲಿ ಒಂದೋ ಎರಡೋ ಭಾಗಗಳಷ್ಟೇ ಇರುತ್ತವೆ. ಬೇಗ ಮುಗಿಯಬೇಕೆಂದರೆ ನಡುವಿನಿಂದ ಶುರುಮಾಡಿ: ಐಸಿಯ ಔಟ್‌ಪುಟ್‌ನಲ್ಲಿ ಸದ್ದಿದ್ದರೆ ಅದರ ಹಿಂದಿನದೆಲ್ಲ ಸರಿ. ಎರಡು ಕಡೆ ಮೋಸಹೋಗುವ ಅಪಾಯವಿದೆ. ವಾಲ್ಯೂಮ್ ನಾಬ್ ಸೊನ್ನೆಯಲ್ಲಿದ್ದರೆ ಅದರ ನಡುವಿನ ಕಾಲು ಮೌನವಾಗಿಯೇ ಇರುತ್ತದೆ. ಕೆಲವು ಸರ್ಕ್ಯೂಟ್‌ಗಳಲ್ಲಿ ಆಪ್‌ಆಂಪ್‌ನ 2 ಅಥವಾ 6ನೆಯ ಕಾಲಿನಲ್ಲಿ, ಎಲ್ಲ ಸರಿಯಿದ್ದರೂ, ಸದ್ದು ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಅಂಥ ಜಾಗದ ಮೌನ ನೋಡಿ ಐಸಿ ಸತ್ತಿತು ಎಂದು ತೀರ್ಮಾನಿಸಬೇಡಿ. 1 ಮತ್ತು 7 ಏನು ಹೇಳುತ್ತವೆ ಕೇಳಿ.

ದೋಷ ಬೆಸುಗೆಯಲ್ಲೇ ಇದ್ದರೆ ಐರನ್ನನ್ನು 350 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇಟ್ಟು, ಫ್ಲಕ್ಸ್ ಇರುವ ಹೊಸ ಬೆಸುಗೆ ತಂತಿಯನ್ನು ಸ್ವಲ್ಪ ಸೇರಿಸಿ. ಹಳೆಯದನ್ನೇ ಕಾಯಿಸಿ ಬಿಟ್ಟರೆ ಮತ್ತೆ ಬಿರಿಯುವ ಸಂಭವವಿದೆ. ಕಾಲು ಮತ್ತು ತಾಮ್ರ ಎರಡಕ್ಕೂ ಐರನ್ ಒಟ್ಟಿಗೆ ತಾಗಲಿ. ಬೆಸುಗೆ ಹರಿದು ಕಾಲಿನ ಬುಡಕ್ಕೆ ಅಂಟಿದ ಕೂಡಲೇ ಐರನ್ ತೆಗೆದು, ಗಟ್ಟಿಯಾಗುವವರೆಗೆ ಅಲುಗಿಸದೆ ಹಿಡಿಯಿರಿ. ಸೀಸದ ಬೆಸುಗೆಯಾದರೆ ಕೆಲಸದ ನಂತರ ಕೈ ತೊಳೆದೇ ಬೇರೆ ಏನನ್ನಾದರೂ ಮುಟ್ಟಿ.

ಡಬ್ಬಿ ತೆರೆದಿರುವಾಗ ಒಳಗೆ ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸುವ ಟ್ರಿಮ್‌ಪಾಟ್‌ಗಳು ಕಂಡರೆ ಅವನ್ನು ಮುಟ್ಟುವ ಆಸೆ ಬೇಡ. ಅನಲಾಗ್ ಡಿಲೇ, ಕೋರಸ್‌ಗಳಲ್ಲಂತೂ ಅವುಗಳ ಜಾಗ ತಪ್ಪಿದರೆ ಆಸಿಲೋಸ್ಕೋಪ್ ಇಲ್ಲದೆ ಸರಿಪಡಿಸುವುದು ಕಷ್ಟ. ನಾಬ್ ತಿರುಗಿಸಿದಾಗ ಕರಕರ ಎನ್ನುವುದಿದ್ದರೆ ಪಾಟ್‌ನೊಳಗೆ ಎಲೆಕ್ಟ್ರಾನಿಕ್ಸ್‌ಗೆಂದೇ ಮಾಡಿದ ಕ್ಲೀನರ್ ಒಂದೆರಡು ಹನಿ ಬಿಟ್ಟು ಮೂವತ್ತು ಸಲ ತಿರುಗಿಸಿ. ಆಮೇಲೂ ಹೋಗದಿದ್ದರೆ ಪಕ್ಕದ ಕೆಪಾಸಿಟರ್ ಡಿಸಿ ಸೋರುತ್ತಿರಬಹುದು. ಅದನ್ನು ಮೀಟರ್ ಹೇಳುತ್ತದೆ.

ನಿಮ್ಮ ಪೆಡಲ್ ಮಟ್ಟಿಗೆ ಮರದ ಕಡ್ಡಿಯಿಂದ ಶುರುಮಾಡಿ, ಆಮೇಲೆ ಸ್ವಿಚ್. ಸರಿಹೋದ ಮೇಲೆ ಮುಚ್ಚಳ ಹಾಕಿ ಮತ್ತೊಮ್ಮೆ ನುಡಿಸಿ. ತೆರೆದಾಗ ಚೆನ್ನಾಗಿದ್ದು ಮುಚ್ಚಿದ ಕೂಡಲೇ ಮೌನವಾದರೆ ಯಾವುದೋ ಬೆಸುಗೆಯ ತುದಿ ಮುಚ್ಚಳದ ಒಳಮೈಗೆ ತಾಗುತ್ತಿದೆ. ತುದಿ ಕತ್ತರಿಸಿ, ಒಳಮೈಗೆ ಇನ್ಸುಲೇಷನ್ ಟೇಪ್ ಅಂಟಿಸಿ. ಇಷ್ಟೆಲ್ಲ ಮಾಡಿಯೂ ಹಟ ಹಿಡಿದರೆ ಐಸಿಯ ಎಂಟೂ ಕಾಲುಗಳ ವೋಲ್ಟೇಜ್, ಪ್ರೋಬ್‌ನಲ್ಲಿ ಸದ್ದು ಕೊನೆಯದಾಗಿ ಕೇಳಿದ ಜಾಗ, ಬೋರ್ಡಿನ ಎರಡೂ ಬದಿಯ ಫೋಟೊ ಇಷ್ಟನ್ನು ಕಳುಹಿಸಿ. ಅಲ್ಲಿಂದ ಮುಂದಕ್ಕೆ ಇಬ್ಬರೂ ಸೇರಿ ಹುಡುಕೋಣ.